ಪೇಡೆ ಹಂಚಿದ ಮೇಲೆ

ಹತ್ತನೆಯ ತರಗತಿಯ ಫಲಿತಾಂಶ ಬಂದ ವಾರ ನಮ್ಮ ಕಟ್ಟಡದಲ್ಲಿ ಸಕ್ಕರೆ ಕಾಯಿಲೆಯವರಿಗೆ ಕಷ್ಟಕಾಲ. ಬಾಗಿಲು ತೆರೆದರೆ ಪೇಡೆ, ಲಿಫ್ಟಿನಲ್ಲಿ ಸಿಕ್ಕರೆ ಪೇಡೆ. ತೊಂಬತ್ತು ದಾಟಿದವರ ಮನೆಯದು ಕೇಸರಿ ಪೇಡೆ, ಎಪ್ಪತ್ತರವರದು ಸಾದಾ. ಅರವತ್ತರವರ ಮನೆಯ ಬಾಗಿಲು ಎರಡು ದಿನ ಮುಚ್ಚಿಯೇ ಇರುತ್ತದೆ. ಅದರ ಬೆನ್ನಿಗೇ ನಮ್ಮ ಸಂಘದ ಪ್ರತಿಭಾ ಪುರಸ್ಕಾರದ ಕೆಲಸ ಶುರುವಾಗುತ್ತದೆ. ಬಂದ ಅಂಕಪಟ್ಟಿಗಳ ಝೆರಾಕ್ಸ್ ಪ್ರತಿಗಳನ್ನು ಜೋಡಿಸಿ, ಹೆಚ್ಚು ಅಂಕದವರಿಂದ ಕಡಿಮೆಯವರ ಕಡೆಗೆ ಹೆಸರುಗಳನ್ನು ಬರೆಯುವುದು ಎಷ್ಟೋ ವರ್ಷಗಳಿಂದ ನನ್ನ ಪಾಲಿಗೆ ಬಂದ ಸೇವೆ. ಅಕ್ಷರ ದುಂಡಗಿದೆ ಎಂಬುದೊಂದೇ ಅದಕ್ಕೆ ನನ್ನ ಅರ್ಹತೆ.

ಈ ಸಲ ಪಟ್ಟಿ ಬರೆಯಲು ಕುಳಿತಾಗ ಕೈ ಸ್ವಲ್ಪ ತಡೆಯಿತು. ಯಾಕೆಂದು ಹೇಳುತ್ತೇನೆ.

ಕೆಲವು ವರ್ಷಗಳ ಹಿಂದೆ ಇದೇ ಪಟ್ಟಿಯಲ್ಲಿ ಮೇಲಿನಿಂದ ಮೂರನೆಯ ಹೆಸರು ಒಬ್ಬ ಹುಡುಗನದಾಗಿತ್ತು. ಶೇಕಡಾ 94. ವೇದಿಕೆಗೆ ಕರೆದು ಶಾಲು ಹೊದಿಸಿ, ಫಲಕ ಕೊಟ್ಟು, ಲಕೋಟೆ ಕೈಗಿತ್ತು ಚಪ್ಪಾಳೆ ತಟ್ಟಿದ್ದೆವು. ಅವನ ತಂದೆ ಒಂದು ಆಫೀಸಿನ ಕ್ಯಾಂಟೀನು ನಡೆಸುವವರು. ಮಗ ಇಂಜಿನಿಯರಾಗುತ್ತಾನೆಂದು ಆ ದಿನವೇ ನಿಶ್ಚಯಿಸಿಬಿಟ್ಟಿದ್ದರು. ಹುಡುಗ ಇಂಜಿನಿಯರಿಂಗ್ ಸೇರಿದ್ದೂ ಆಯಿತು. ಮೊದಲ ವರ್ಷದಲ್ಲಿ ಮೂರು ಕೆ.ಟಿ. ಮುಂಬಯಿಯವರಿಗೆ ಈ ಎರಡಕ್ಷರ ಬಿಡಿಸಿ ಹೇಳಬೇಕಾಗಿಲ್ಲ. ಊರಿನಲ್ಲಿ ಕುಳಿತು ಈ ಪತ್ರಿಕೆ ಓದುವವರಿಗಾಗಿ ಹೇಳುವುದಾದರೆ, ನಪಾಸಾದ ವಿಷಯವನ್ನು ಬೆನ್ನ ಮೇಲೆ ಹೊತ್ತುಕೊಂಡೇ ಮುಂದಕ್ಕೆ ಹೋಗುವ ವ್ಯವಸ್ಥೆ. ಒಂದು ಮಧ್ಯಾಹ್ನ ಅವನ ತಾಯಿ ನಮ್ಮ ಮನೆಗೆ ಬಂದು ಕುಳಿತರು. ಚಹಾ ಆರಿಹೋಗುವವರೆಗೆ ಮಾತಾಡಲಿಲ್ಲ. ಆಮೇಲೆ ಕೇಳಿದ್ದು ಒಂದೇ: "ಅಕ್ಕಾ, ಹತ್ತನೇಲಿ ಬಂದ ಮಾರ್ಕು ಸುಳ್ಳಾ, ಈಗ ಬಂದದ್ದು ಸುಳ್ಳಾ?"

ನನ್ನಲ್ಲಿ ಉತ್ತರವಿರಲಿಲ್ಲ. ಹುಡುಗನನ್ನು ಕಳಿಸಿಕೊಡಿ ಎಂದೆ. ಅವನ ಮೂರು ಕೆ.ಟಿ.ಗಳಲ್ಲಿ ಎರಡು ನನ್ನ ಅಳವಿಗೆ ಸಿಗುವಂಥವಲ್ಲ, ಗಣಿತ ಮತ್ತು ಅದರ ನಂಟರು. ಮೂರನೆಯದು ಮಾತ್ರ ಇಂಗ್ಲಿಷಿನಲ್ಲಿ ಬರೆಯುವ, ಮಾತಾಡುವ ಕೌಶಲಕ್ಕೆ ಸಂಬಂಧಪಟ್ಟದ್ದು. ಇಂಗ್ಲಿಷ್ ಬಿ.ಎ. ಮಾಡಿದವಳೆಂಬ ಜಂಬ ನನಗೂ ಸ್ವಲ್ಪ ಉಳಿದಿದೆ ನೋಡಿ, ಇದಾದರೂ ನನ್ನ ಕೈಲಾಗುತ್ತದೆ ಅಂದುಕೊಂಡೆ. ಅಂದಿನ ಪೇಪರಿನಲ್ಲಿ ನಗರದ ನೀರಿನ ಬಗ್ಗೆ ಒಂದು ಲೇಖನವಿತ್ತು. ಓದಿ ಐದಾರು ವಾಕ್ಯಗಳಲ್ಲಿ ಅದು ಏನು ಹೇಳುತ್ತದೆಂದು ಬರೆ ಎಂದೆ. ಹತ್ತನೆಯಲ್ಲಿ ಇಂಗ್ಲಿಷಿಗೆ 91 ತೆಗೆದ ಹುಡುಗ. ಪೆನ್ನು ಹಿಡಿದು ಬಹಳ ಹೊತ್ತು ಕುಳಿತ. ಕೊನೆಗೆ ತುಂಬಾ ವಿನಯದಿಂದ ಕೇಳಿದ: "ಆಂಟೀ, ಇದರ ಫಾರ್ಮ್ಯಾಟ್ ಏನು?"

ಅವನು ದಡ್ಡನಲ್ಲ. ಅವನಿಗೆ ಕಲಿಸಿದ್ದೇ ಅದು. ಎಸ್.ಎಸ್.ಸಿ.ಯ ಇಂಗ್ಲಿಷ್ ಪತ್ರಿಕೆಯಲ್ಲಿ ಪತ್ರ, ಭಾಷಣ, ಸಂಭಾಷಣೆ ಎಲ್ಲವೂ ಇರುತ್ತದೆ. ಕೇಳಲು ಎಷ್ಟು ಚೆಂದ! ಆದರೆ ಕ್ಲಾಸಿನವರು ಮಕ್ಕಳಿಗೆ ಅದನ್ನು ಹೇಗೆ ಕಟ್ಟಿಕೊಡುತ್ತಾರೆಂದರೆ, ಎಡಗಡೆ ಮೇಲೆ ವಿಳಾಸ ಬರೆದರೆ ಇಷ್ಟು, ದಿನಾಂಕಕ್ಕೆ ಇಷ್ಟು, ಕೊನೆಯಲ್ಲಿ 'ಯುವರ್ಸ್ ಸಿನ್ಸಿಯರ್ಲಿ'ಗೆ ಇಷ್ಟು. ನಡುವೆ ಏನು ಬರೆದೆ ಎಂಬುದು ಕೊನೆಯ ಮಾತು. ಭಾಷಣಕ್ಕೂ ಸಿದ್ಧ ಆರಂಭ, ಸಿದ್ಧ ಮುಕ್ತಾಯ. ವಿಷಯ ಮರ ನೆಡುವುದಿರಲಿ, ಮೊಬೈಲಿರಲಿ, ನಡುವಿನ ಎರಡು ಶಬ್ದ ಬದಲಾಯಿಸಿದರೆ ಮುಗಿಯಿತು. ಅಂದರೆ ಹುಡುಗ ಪತ್ರ ಬರೆಯಲು ಕಲಿಯಲಿಲ್ಲ, ಪತ್ರದ ಚೌಕಟ್ಟು ಬರೆಯಲು ಕಲಿತ. ಹತ್ತನೆಯ ಪರೀಕ್ಷೆ ಕೇಳಿದ್ದನ್ನು ಅವನು ಪ್ರಾಮಾಣಿಕವಾಗಿ ಕೊಟ್ಟ, 91 ಬಂತು. ಅದು ಸುಳ್ಳಲ್ಲ. ಕಾಲೇಜು ಬೇರೇನೋ ಕೇಳಿತು, ಅವನಲ್ಲಿರಲಿಲ್ಲ. ಅದೂ ಸುಳ್ಳಲ್ಲ.

ಅವನನ್ನು ನೋಡಿ ನಗುವ ಹಕ್ಕು ನನಗಿಲ್ಲ. ನಾನು 1992ರಲ್ಲಿ ಬಿ.ಎ. ಮುಗಿಸಿದವಳು. 'ಮ್ಯಾಕ್‌ಬೆತ್' ನಾಟಕದಲ್ಲಿ ಮಹತ್ವಾಕಾಂಕ್ಷೆಯ ಪಾತ್ರವನ್ನು ಹದಿನಾಲ್ಕು ಅಂಶಗಳಲ್ಲಿ ಗೈಡಿನಿಂದ ಬಾಯಿಪಾಠ ಮಾಡಿ ಒಪ್ಪಿಸಿದವಳು. ಮೊದಲ ದರ್ಜೆಯೂ ಬಂದಿತ್ತು. ಮದುವೆಯಾಗಿ ಮುಂಬಯಿಗೆ ಬಂದ ಮೇಲೆ, 1994ರಲ್ಲಿ, ಮನೆಯವರ ಪ್ರೋತ್ಸಾಹದಿಂದ ಒಂದು ಖಾಸಗಿ ಕಂಪನಿಯ ಸಂದರ್ಶನಕ್ಕೆ ಹೋದೆ. ಇಸ್ತ್ರಿ ಮಾಡಿದ ಕಾಟನ್ ಸೀರೆ, ಕೈಯಲ್ಲಿ ಸರ್ಟಿಫಿಕೇಟುಗಳ ಫೈಲು. ಅಲ್ಲಿದ್ದ ಹಿರಿಯರು ಸರ್ಟಿಫಿಕೇಟನ್ನು ಒಮ್ಮೆ ನೋಡಿ ಪಕ್ಕಕ್ಕಿಟ್ಟರು. "ಗಿರಾಕಿಯೊಬ್ಬರಿಗೆ ನಾವು ಕಳಿಸಿದ ಪಾರ್ಸೆಲು ಒಡೆದುಹೋಗಿ ತಲುಪಿದೆ. ಅವರಿಗೊಂದು ಉತ್ತರ ಬರೆಯಿರಿ" ಎಂದು ಬಿಳಿ ಹಾಳೆ ಕೊಟ್ಟರು. ನಾನು 'ಐ ಬೆಗ್ ಟು ಸ್ಟೇಟ್' ಎಂದು ಶುರುಮಾಡಿ ಬೆವರೊರೆಸಿಕೊಂಡು ನಾಲ್ಕು ವಾಕ್ಯ ಬರೆದೆ. ಅವರು ಓದಿ, ಬಹಳ ಸೌಜನ್ಯದಿಂದಲೇ, "ತಪ್ಪು ಯಾರದು, ಈಗ ನಾವೇನು ಮಾಡುತ್ತೇವೆ, ಇವೆರಡೂ ಇದರಲ್ಲಿ ಬರಲಿಲ್ಲವಲ್ಲ ಅಮ್ಮಾ" ಎಂದರು. ಕೆಲಸ ಸಿಗಲಿಲ್ಲ. ಆಮೇಲೆ ನಾನೂ ಹುಡುಕಲಿಲ್ಲ. ಮಕ್ಕಳು, ಮನೆ ಎಂದು ಹೇಳಿಕೊಳ್ಳುತ್ತಾ ಬಂದಿದ್ದೇನೆ. ಆ ಬಿಳಿ ಹಾಳೆಯ ವಿಷಯ ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ.

ನಮ್ಮ ಮಾವನವರದು ಬೇರೆಯೇ ಕತೆ. ಐವತ್ತರ ದಶಕದಲ್ಲಿ ಉಡುಪಿ ಕಡೆಯಿಂದ ಬಂದು, ಹಗಲು ಕೋಟೆ ಪ್ರದೇಶದ ಹೋಟೆಲಿನಲ್ಲಿ ತಟ್ಟೆ ಎತ್ತಿ, ರಾತ್ರಿ ಕನ್ನಡ ರಾತ್ರಿಶಾಲೆಯ ಬೆಂಚಿನಲ್ಲಿ ತೂಕಡಿಸುತ್ತಾ ಮೆಟ್ರಿಕ್ ದಾಟಿದವರು. ಈ ಪತ್ರಿಕೆ ಓದುವ ಅರ್ಧ ಮನೆಗಳಲ್ಲಿ ಅಂಥ ಒಬ್ಬರು ಹಿರಿಯರು ಇದ್ದೇ ಇರುತ್ತಾರೆ. ಮೆಟ್ರಿಕ್ ಆದ ಮೇಲೆ ಟೈಪಿಂಗ್ ಕ್ಲಾಸಿಗೆ ಹೋಗಿ, ನಿಮಿಷಕ್ಕೆ 40 ಶಬ್ದದ ಪರೀಕ್ಷೆ ಪಾಸು ಮಾಡಿದರು. ಬ್ಯಾಂಕಿನವರು ಆ ಕಾಗದ ನೋಡಿ ಕೆಲಸ ಕೊಟ್ಟರು. ಆ ಪರೀಕ್ಷೆಯಲ್ಲಿ ಟೈಪಿಂಗಿನ ಇತಿಹಾಸ ಬರೆಯಿರಿ ಎಂದು ಯಾರೂ ಕೇಳಲಿಲ್ಲ. ಯಂತ್ರದ ಮುಂದೆ ಕೂರಿಸಿ ಟೈಪು ಮಾಡಿಸಿದರು. ನಾಳೆ ಮಾಡಬೇಕಾದ ಕೆಲಸವೇ ಇಂದಿನ ಪರೀಕ್ಷೆ. ನಮ್ಮ ಮಕ್ಕಳು ಬರೆಯುವ ಗಂಧರ್ವ ಮಹಾವಿದ್ಯಾಲಯದ ಸಂಗೀತ ಪರೀಕ್ಷೆಯೂ ಹಾಗೆಯೇ ಅಲ್ಲವೇ? ಎಷ್ಟೇ ಥಿಯರಿ ಇರಲಿ, ಪರೀಕ್ಷಕರ ಮುಂದೆ ಕುಳಿತು ಹಾಡಲೇಬೇಕು. ರಾಗದ ಫಾರ್ಮ್ಯಾಟ್ ಏನೆಂದು ಕೇಳಿದರೆ ಆಗುವುದಿಲ್ಲ.

ಹಾಗೆಂದು ಆ ಕಾಲವೇ ಚಿನ್ನದ್ದೆಂದು ನಾನು ಹೇಳುತ್ತಿಲ್ಲ. ಮಾವನವರಿಗೆ ಬೇಕಾಗಿದ್ದದ್ದು ಒಂದು ಗುಮಾಸ್ತಿಕೆ. ಅದನ್ನು ಅಳೆಯುವುದು ಸುಲಭ. ಹದಿನೈದು ವರ್ಷದ ಮಗು ಮುಂದೆ ವೈದ್ಯನಾಗುತ್ತದೋ, ವಕೀಲನಾಗುತ್ತದೋ, ಹೋಟೆಲು ತೆರೆಯುತ್ತದೋ ಯಾರಿಗೆ ಗೊತ್ತು? ಅದನ್ನು ತಿಳಿಯಲು ನಮ್ಮ ಮಹಾರಾಷ್ಟ್ರದಲ್ಲಿ 2016ರಲ್ಲಿ ಹತ್ತನೆಯ ಮಕ್ಕಳಿಗೆ 'ಕಲ್ ಚಾಚಣಿ' ಎಂಬ ಆಸಕ್ತಿಯ ಪರೀಕ್ಷೆ ಶುರುಮಾಡಿದರು. ಪಾಸು ನಪಾಸಿಲ್ಲ, ಕೃಷಿ, ವಾಣಿಜ್ಯ, ಕಲೆ, ಆರೋಗ್ಯ ಮುಂತಾದವುಗಳಲ್ಲಿ ಮಗುವಿನ ಒಲವು ಎತ್ತ ಎಂದು ಒಂದು ಕಾಗದ ಬರುತ್ತಿತ್ತು. ಕೆಲವು ವರ್ಷ ನಡೆಯಿತು. ಯೋಚನೆ ಒಳ್ಳೆಯದೇ. ಆದರೆ ಕೃಷಿಯ ಕಡೆ ಒಲವಿದೆ ಎಂದು ಕಾಗದ ಬಂದ ಮಗುವನ್ನು ತೊಂಬತ್ತರ ಮೇಲೆ ಅಂಕ ಬಂದ ಮೇಲೆ ಸೈನ್ಸಿಗೆ ಸೇರಿಸದ ತಾಯಿಯನ್ನು ನಾನಂತೂ ನೋಡಲಿಲ್ಲ. ಒಲವಿನ ಕಾಗದ ಕಪಾಟಿಗೆ, ಅಂಕದ ಕಾಗದ ಕಾಲೇಜಿಗೆ.

ಆ ಅಂಕದ ಕಾಗದವನ್ನಾದರೂ ಎಷ್ಟು ನಂಬಬಹುದು? 2018ರಲ್ಲಿ ರಾಜ್ಯದ ಎಸ್.ಎಸ್.ಸಿ. ಫಲಿತಾಂಶ ಶೇಕಡಾ 89.41. ಮರುವರ್ಷ ಹೊಸ ಪಠ್ಯ ಬಂತು. ಭಾಷೆಗಳಿಗೆ, ಸಮಾಜ ವಿಜ್ಞಾನಕ್ಕೆ ಶಾಲೆಯೇ ಕೊಡುತ್ತಿದ್ದ 20 ಆಂತರಿಕ ಅಂಕಗಳನ್ನು ತೆಗೆದುಹಾಕಿದರು. ಫಲಿತಾಂಶ 77.10ಕ್ಕೆ ಇಳಿಯಿತು. ದೊಡ್ಡ ಗದ್ದಲವಾಯಿತು. ಬೇರೆ ಬೋರ್ಡಿನವರಿಗೆ ಆಂತರಿಕ ಅಂಕ ಇದೆ, ಜೂನಿಯರ್ ಕಾಲೇಜಿನ ಸೀಟಿನಲ್ಲಿ ನಮ್ಮ ಮಕ್ಕಳಿಗೆ ಅನ್ಯಾಯವೆಂದರು. 20 ಅಂಕ ಮರಳಿ ಬಂತು, 2020ರಲ್ಲಿ ಫಲಿತಾಂಶ 95.30. ಮಹಾರಾಷ್ಟ್ರದ ಮಕ್ಕಳೆಲ್ಲ 2019ರಲ್ಲಿ ಒಮ್ಮೆಲೇ ದಡ್ಡರಾಗಿ ಮರುವರ್ಷ ಮತ್ತೆ ಜಾಣರಾದರೇ? ಕೊರೋನಾದ ದೆಸೆಯಿಂದ 2021ರಲ್ಲಿ ಪರೀಕ್ಷೆಯೇ ಇರಲಿಲ್ಲ, ಆಗಂತೂ 99.95.

ಈ ಹಗ್ಗಜಗ್ಗಾಟ ಹೊಸದೂ ಅಲ್ಲ. ಎಸ್.ಎಸ್.ಸಿ.ಯವರನ್ನೂ ಐ.ಸಿ.ಎಸ್.ಇ., ಸಿ.ಬಿ.ಎಸ್.ಇ.ಯವರನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ಸರಕಾರ 2008ರಲ್ಲಿ ಪರ್ಸೆಂಟೈಲ್ ಸೂತ್ರ ತಂದಿತು, 2009ರಲ್ಲಿ 90:10 ಎಂಬ ಮೀಸಲು. ಎರಡನ್ನೂ ಮುಂಬಯಿ ಹೈಕೋರ್ಟು ತಳ್ಳಿಹಾಕಿತು. 2010ರಲ್ಲಿ ಬಂದ 'ಬೆಸ್ಟ್ ಆಫ್ ಫೈವ್' ಮಾತ್ರ ಸುಪ್ರೀಂ ಕೋರ್ಟಿನವರೆಗೆ ಹೋಗಿ ಗೆದ್ದಿತು. 2021ರಲ್ಲಿ ಹನ್ನೊಂದನೆಯ ತರಗತಿಯ ಪ್ರವೇಶಕ್ಕೇ ಒಂದು ಸಿ.ಇ.ಟಿ. ಎಂದರು, ಅದನ್ನೂ ಹೈಕೋರ್ಟು ರದ್ದುಮಾಡಿತು. ಇದರ ಮೇಲೆ ಚಿತ್ರಕಲೆಯ ಇಂಟರ್‌ಮೀಡಿಯೆಟ್ ಪರೀಕ್ಷೆಯಲ್ಲಿ ಒಳ್ಳೆಯ ಗ್ರೇಡ್ ಬಂದವರಿಗೆ ಕೊಡುವ ಹೆಚ್ಚುವರಿ ಅಂಕಗಳ ಲೆಕ್ಕ ಬೇರೆ. ಚಿತ್ರ ಬರೆಯುವುದರಲ್ಲಿ ತಪ್ಪೇನಿಲ್ಲ, ನಮ್ಮ ಮಗಳೂ ಬರೆದಳು. ಆದರೆ ಇಷ್ಟು ವರ್ಷದ ಜಗಳದಲ್ಲಿ ಅಂಕವನ್ನು ಹೇಗೆ ಕೂಡಬೇಕೆಂದು ಕೋರ್ಟು ಹತ್ತಿದವರು ಬಹಳ ಮಂದಿ. ಪ್ರಶ್ನೆಪತ್ರಿಕೆಯಲ್ಲಿ ಏನು ಕೇಳಬೇಕೆಂದು ಜಗಳವಾಡಿದವರು ನನ್ನ ಕಣ್ಣಿಗೆ ಬೀಳಲಿಲ್ಲ.

ಅಂಕವನ್ನು ನಂಬದ ಕಾಲೇಜುಗಳು ತಮ್ಮದೇ ಪರೀಕ್ಷೆ ಇಟ್ಟವು. ದೆಹಲಿ ವಿಶ್ವವಿದ್ಯಾಲಯದ ಕೆಲವು ಕಾಲೇಜುಗಳಲ್ಲಿ 2021ರ ಮೊದಲ ಕಟ್ ಆಫ್ ಪೂರ್ತಿ 100ಕ್ಕೆ ಹೋಗಿತ್ತು. ನೂರಕ್ಕೆ ನೂರು ಬಂದವರನ್ನು ಮತ್ತೆ ಸೋಸುವುದು ಹೇಗೆ? 2022ರಿಂದ ಅಲ್ಲಿ ಸಿ.ಯು.ಇ.ಟಿ. ಬಂತು. ನಮ್ಮಲ್ಲಿ ಇಂಜಿನಿಯರಿಂಗಿಗೆ ಎಂ.ಎಚ್.ಟಿ.-ಸಿ.ಇ.ಟಿ. ಇದ್ದೇ ಇದೆ. ಹನ್ನೆರಡನೆಯಲ್ಲಿ ಮೂರು ವಿಷಯ ಸೇರಿ ಶೇಕಡಾ 45 ಬಂದರೆ ಸಾಮಾನ್ಯ ವರ್ಗದವರಿಗೆ ಅರ್ಹತೆ ಮುಗಿಯಿತು, ಸೀಟು ಸಿ.ಇ.ಟಿ.ಯ ಪರ್ಸೆಂಟೈಲಿನ ಮೇಲೆ. ಈ ಪರ್ಸೆಂಟೈಲನ್ನು ಶೇಕಡಾವಾರು ಎಂದೇ ತಿಳಿದವರು ನಮ್ಮಲ್ಲಿ ಬಹಳ ಮಂದಿ. 88 ಪರ್ಸೆಂಟೈಲ್ ಎಂದರೆ ನೂರರಲ್ಲಿ 88 ಉತ್ತರ ಸರಿ ಎಂದಲ್ಲ. ಬರೆದವರಲ್ಲಿ ನೂರಕ್ಕೆ 88 ಮಂದಿ ಹಿಂದಿದ್ದಾರೆ ಎಂದಷ್ಟೇ. ಕ್ಯೂನಲ್ಲಿ ಎಲ್ಲಿ ನಿಂತಿದ್ದೀಯೆಂದು ಅದು ಹೇಳುತ್ತದೆ, ಚೀಲದಲ್ಲಿ ಏನಿದೆಯೆಂದು ಹೇಳುವುದಿಲ್ಲ.

ಮತ್ತೆ ಆ ಸಿ.ಇ.ಟಿ.ಯಲ್ಲಿ ಭೌತ ಮತ್ತು ರಸಾಯನಶಾಸ್ತ್ರ ಸೇರಿ 100 ಪ್ರಶ್ನೆ, 90 ನಿಮಿಷ. ಅಂದರೆ ಪ್ರಶ್ನೆಗೆ 54 ಸೆಕೆಂಡು. ತಪ್ಪು ಉತ್ತರಕ್ಕೆ ಅಂಕ ಕಡಿತವಿಲ್ಲವಾದ್ದರಿಂದ ಗೊತ್ತಿಲ್ಲದಿದ್ದರೂ ಒಂದು ಗುಂಡಿ ಒತ್ತಿಬಿಡು ಎಂದು ಕಲಿಸುತ್ತಾರೆ. ಹೀಗೆ ಹತ್ತನೆಯಲ್ಲಿ ನೆನಪು, ಹನ್ನೆರಡರ ಹೊತ್ತಿಗೆ ಓಟ. ಅದಾದ ಮೇಲೆ ಇಂಜಿನಿಯರಿಂಗ್ ಕಾಲೇಜಿನ ಪ್ರೊಫೆಸರರು ನಿಧಾನವಾಗಿ ಕೇಳುತ್ತಾರೆ, "ಇದು ಹೀಗೇಕೆ? ಮೆಟ್ಟಿಲು ಮೆಟ್ಟಿಲಾಗಿ ತೋರಿಸು." ಅವನ ಜನ್ಮದಲ್ಲಿ ಆ ಪ್ರಶ್ನೆ ಕೇಳುತ್ತಿರುವುದು ಅದೇ ಮೊದಲು.

ಊರಿನ ಪದ್ಧತಿ ಸ್ವಲ್ಪ ವಾಸಿ ಎಂದು ನನ್ನ ಅನಿಸಿಕೆ. ಕರ್ನಾಟಕದಲ್ಲಿ 1994ರಿಂದ ಸಿ.ಇ.ಟಿ. ಇದೆ. ಅಲ್ಲಿ ಇಂಜಿನಿಯರಿಂಗ್ ರ‍್ಯಾಂಕಿಗೆ ಅರ್ಧ ಸಿ.ಇ.ಟಿ., ಅರ್ಧ ಪಿ.ಯು.ಸಿ. ಅಂಕ. ಪಿ.ಯು.ಸಿ. ತರಗತಿಯಲ್ಲಿ ಕುಳಿತು ಪಾಠ ಕೇಳಲು ಮಗುವಿಗೆ ಒಂದು ಕಾರಣವಾದರೂ ಉಳಿದಿದೆ. ಇಲ್ಲಿ ನಮ್ಮ ಕೋಚಿಂಗ್ ಮಕ್ಕಳು ಜೂನಿಯರ್ ಕಾಲೇಜಿನ ಗೇಟನ್ನು ಪ್ರಾಕ್ಟಿಕಲಿನ ದಿನ ನೋಡಿದರೆ ಹೆಚ್ಚು. ದೇಶಮಟ್ಟದ ಜೆ.ಇ.ಇ. ಮೇನ್‌ನಲ್ಲೂ 2013ರಿಂದ 2016ರವರೆಗೆ ಹನ್ನೆರಡನೆಯ ಅಂಕಗಳಿಗೆ 40 ಪಾಲು ಕೊಟ್ಟು ನೋಡಿದರು, 2017ರಿಂದ ಬಿಟ್ಟರು. ಒಂದೊಂದು ಬೋರ್ಡಿನ 90ಕ್ಕೂ ಒಂದೊಂದು ತೂಕ. ಮೊಳದಿಂದ ಅಳೆದದ್ದನ್ನೂ ಗಜದಿಂದ ಅಳೆದದ್ದನ್ನೂ ಹೇಗೆ ಕೂಡುವುದು? 2020ರ ರಾಷ್ಟ್ರೀಯ ಶಿಕ್ಷಣ ನೀತಿಯಂತೆ 'ಪರಖ್' ಎಂಬ ಸಂಸ್ಥೆ 2023ರಲ್ಲಿ ಶುರುವಾಗಿದೆ, ಬೋರ್ಡುಗಳ ಅಳತೆಗೋಲನ್ನು ಒಂದು ಸಮಕ್ಕೆ ತರುವುದು ಅದರ ಕೆಲಸಗಳಲ್ಲಿ ಒಂದು. ಸಿ.ಬಿ.ಎಸ್.ಇ.ಯವರು 2024-25ರಿಂದ ಹನ್ನೊಂದು ಹನ್ನೆರಡರ ಪತ್ರಿಕೆಗಳಲ್ಲಿ ಅರ್ಧದಷ್ಟು ಪ್ರಶ್ನೆಗಳನ್ನು ಕಲಿತದ್ದನ್ನು ಬಳಸಿ ಉತ್ತರಿಸುವಂಥವಾಗಿ ಮಾಡಿದ್ದಾರೆ. ಅಲ್ಲಿಗೆ ಯಾರೋ ಸರಿಯಾದ ಬಾಗಿಲು ತಟ್ಟಿದ್ದಾರೆ.

ಆದರೆ ಅಂಥ ಪ್ರಶ್ನೆ ಬಂದಾಗ ನಾವೇನು ಮಾಡುತ್ತೇವೆ? ನಮ್ಮ ಮಗಳು ಒಂಬತ್ತನೆಯಲ್ಲಿದ್ದಾಗ ಹೊಸದಾಗಿ ಬಂದ ಇಂಗ್ಲಿಷ್ ಟೀಚರು ಪರೀಕ್ಷೆಯಲ್ಲಿ ಪುಸ್ತಕದಲ್ಲಿಲ್ಲದ ಒಂದು ಸಣ್ಣ ಕತೆ ಕೊಟ್ಟು, "ಆ ಮುದುಕ ಬಾಗಿಲು ಯಾಕೆ ತೆರೆಯಲಿಲ್ಲ? ನಿನಗೇನನಿಸುತ್ತದೆ ಬರೆ" ಎಂದು ಕೇಳಿದರು. ಎಂಟು ಅಂಕ. ಕ್ಲಾಸಿನಲ್ಲಿ ಅರ್ಧದಷ್ಟು ಮಕ್ಕಳಿಗೆ ಸೊನ್ನೆಯೋ ಒಂದೋ ಬಂತು. ನಾವು ಹನ್ನೆರಡು ತಾಯಂದಿರು ಗುಂಪಾಗಿ ಮುಖ್ಯೋಪಾಧ್ಯಾಯಿನಿಯ ಕೋಣೆಗೆ ಹೋದೆವು. 'ಔಟ್ ಆಫ್ ಸಿಲಬಸ್' ಎಂದೆವು. ಇಂಗ್ಲಿಷ್ ಬಿ.ಎ. ಎಂಬ ಕಾರಣಕ್ಕೆ ಎಲ್ಲರ ಪರವಾಗಿ ಮಾತಾಡಿದವಳು ನಾನೇ. ಟೀಚರು ಒಂದು ಮೂಲೆಯಲ್ಲಿ ನಿಂತು ಕೇಳಿಸಿಕೊಂಡರು. ಎಲ್ಲರಿಗೂ ಎಂಟಕ್ಕೆ ಎಂಟು ಕೊಟ್ಟರು. ಮುಂದಿನ ಪರೀಕ್ಷೆಯಿಂದ ಪ್ರಶ್ನೆಗಳು ಪಾಠದ ಹಿಂದಿನ ಅಭ್ಯಾಸದಿಂದಲೇ ಬಂದವು. ಗೆದ್ದೆವೆಂದು ಹೊರಗೆ ಬಂದು ಕಬ್ಬಿನ ಹಾಲು ಕುಡಿದದ್ದು ನೆನಪಿದೆ. ಮಗಳು ಮಾತ್ರ, "ಅಮ್ಮಾ, ನಾನು ಅದರಲ್ಲಿ ಆರು ತೆಗೆದಿದ್ದೆ" ಎಂದು ಮುಖ ಊದಿಸಿಕೊಂಡಿದ್ದಳು. ಮುದುಕ ಬಾಗಿಲು ಯಾಕೆ ತೆರೆಯಲಿಲ್ಲವೆಂದು ಅವಳು ಏನು ಬರೆದಿದ್ದಳೋ, ಇವತ್ತಿಗೂ ನಾನು ಕೇಳಿಲ್ಲ.

ಇನ್ನೊಂದು ಮಾತನ್ನು ನ್ಯಾಯವಾಗಿ ಹೇಳಲೇಬೇಕು. ಪುಸ್ತಕದಿಂದಲೇ ಪ್ರಶ್ನೆ ಬರುವ ಪರೀಕ್ಷೆ ಬಡವರ ಮಕ್ಕಳಿಗೆ ಒಂದು ಏಣಿ. ಇಲ್ಲಿ ಕನ್ನಡ ಮಾಧ್ಯಮದಲ್ಲಿ ಓದುವ ಮಕ್ಕಳಿಗೂ ಬಾಲಭಾರತಿ ಕನ್ನಡದಲ್ಲೇ ಪಠ್ಯಪುಸ್ತಕ ಕೊಡುತ್ತದೆ. ಮನೆಯಲ್ಲಿ ಬೇರೆ ಪುಸ್ತಕವಿಲ್ಲ, ಪೇಪರಿಲ್ಲ; ಆ ಒಂದು ಪುಸ್ತಕವನ್ನು ಉರು ಹೊಡೆದು ಎಪ್ಪತ್ತು ತೆಗೆದ ಹುಡುಗಿಯ ಮುಂದೆ ಕಾಣದ ಪ್ರಶ್ನೆ ಇಟ್ಟು, ಯೋಚಿಸು ಎಂದರೆ ಏಣಿ ಎಳೆದ ಹಾಗಲ್ಲವೇ ಎಂದು ಸಂಘದ ಸಭೆಯಲ್ಲಿ ಹಿರಿಯರೊಬ್ಬರು ಕೇಳಿದರು. ಅವರೂ ರಾತ್ರಿಶಾಲೆಯವರೇ. ನಾನು ಸುಮ್ಮನಾದೆ. ರಾತ್ರಿ ಮಲಗಿದ ಮೇಲೆ ನನಗೆ ಹೊಳೆದ ಉತ್ತರವೆಂದರೆ, ಆ ಏಣಿ ಈಗ ಮೊದಲ ಮಹಡಿಗೇ ನಿಂತುಬಿಟ್ಟಿದೆ. ಅಲ್ಲಿಂದ ಮೇಲಕ್ಕೆ ಸಿ.ಇ.ಟಿ.ಯ ಕೋಚಿಂಗು, ಅದರ ಫೀಸು. ಕ್ಯಾಂಟೀನಿನವರ ಮಗ ಆ ಫೀಸು ಹೇಗೋ ಕಟ್ಟಿದ, ನಗರಸಭೆಯ ಶಾಲೆಯ ಹುಡುಗಿ ಹೇಗೆ ಕಟ್ಟಿಯಾಳು? ಕಾಣದ ಪ್ರಶ್ನೆಯನ್ನು ಹದಿನೆಂಟರಲ್ಲಿ ಒಮ್ಮೆಲೇ ಎದುರಿಸುವ ಬದಲು ಹನ್ನೊಂದು ಹನ್ನೆರಡು ವಯಸ್ಸಿನಿಂದಲೇ ವಾರಕ್ಕೊಂದು ಶಾಲೆಯಲ್ಲೇ ಎದುರಿಸಿದರೆ ಅದಕ್ಕೆ ಖರ್ಚೇನೂ ಇಲ್ಲ. ಅರ್ಧ ಪುಟ ಓದುವುದು, ಅರ್ಧ ಪುಟ ಬರೆಯುವುದು. ಅದನ್ನು ಕನ್ನಡದಲ್ಲೇ ಮಾಡಿಸಬಹುದು; ಯೋಚನೆಗೆ ಇಂಗ್ಲಿಷೇ ಬೇಕೆಂದಿಲ್ಲ. ಹಳ್ಳಿಗಳ 14ರಿಂದ 18 ವರ್ಷದವರಲ್ಲಿ ನಾಲ್ವರಲ್ಲಿ ಒಬ್ಬರಿಗೆ ತಮ್ಮ ಭಾಷೆಯ ಎರಡನೆಯ ತರಗತಿಯ ಪಾಠವನ್ನೂ ಸರಾಗವಾಗಿ ಓದಲು ಬರುವುದಿಲ್ಲವೆಂದು 2023ರ 'ಅಸರ್' ಸಮೀಕ್ಷೆ ಹೇಳಿತ್ತು. ಆ ಮಕ್ಕಳಲ್ಲಿ ಹೆಚ್ಚಿನವರ ಹೆಸರು ಯಾವುದಾದರೊಂದು ಶಾಲೆ ಕಾಲೇಜಿನ ರಿಜಿಸ್ಟರಿನಲ್ಲಿ ಇದ್ದೇ ಇತ್ತು.

ನಮ್ಮ ಸಂಘದ ಮಟ್ಟಿಗೆ ಏನು ಮಾಡಬಹುದೆಂದು ಚರ್ಚೆಯಾಯಿತು. ಅಂಕದ ಪಟ್ಟಿ ಬೇಡವೇ ಬೇಡ ಎಂದು ನಾನು ಹೇಳಿದ್ದು ಯಾರಿಗೂ ಹಿಡಿಸಲಿಲ್ಲ, ದಾನಿಗಳು ಏನೆನ್ನುತ್ತಾರೆ ಎಂದರು. ಅದೂ ನಿಜವೇ. ಕೊನೆಗೆ ಒಪ್ಪಿದ್ದು ಇಷ್ಟು: ಪುರಸ್ಕಾರದ ಅರ್ಜಿಯ ಹಿಂಬದಿ ಇದುವರೆಗೆ ಖಾಲಿಯಿತ್ತು, ಅಲ್ಲಿ ಮಕ್ಕಳು ಈ ವರ್ಷ ತಾವು ಓದಿದ, ಪಠ್ಯದಲ್ಲಿಲ್ಲದ ಯಾವುದಾದರೂ ಒಂದರ ಬಗ್ಗೆ ಹತ್ತು ಸಾಲು ಬರೆಯಬೇಕು. ಕನ್ನಡ, ಮರಾಠಿ, ಇಂಗ್ಲಿಷ್ ಯಾವುದಾದರೂ ಸರಿ. ಅದಕ್ಕೆ ಅಂಕವಿಲ್ಲ. ಅಪ್ಪ ಅಮ್ಮಂದಿರು ಬರೆದುಕೊಡಬಾರದೆಂದು ಅರ್ಜಿಯಲ್ಲಿ ದಪ್ಪ ಅಕ್ಷರದಲ್ಲಿ ಅಚ್ಚುಹಾಕಿಸಿದ್ದೇವೆ. ಆದರೂ ಈವರೆಗೆ ಬಂದ ಒಂಬತ್ತರಲ್ಲಿ ಮೂರನ್ನು ಅಪ್ಪಂದಿರ ಕೈಬರಹವೆಂದು ನಾನು ಗುರುತಿಸಿದ್ದೇನೆ.

ಕ್ಯಾಂಟೀನಿನವರ ಮಗ ಮಂಗಳವಾರ ಸಂಜೆ ಬರುತ್ತಾನೆ. ಗಣಿತಕ್ಕೆ ಅವನ ಸೀನಿಯರ್ ಒಬ್ಬ ಸಹಾಯ ಮಾಡುತ್ತಿದ್ದಾನಂತೆ, ಒಂದು ಕೆ.ಟಿ. ಕಳಚಿದೆ, ಇನ್ನೆರಡು ಬಾಕಿ. ಕಳೆದ ವಾರ ತಂದೆಯ ಕ್ಯಾಂಟೀನಿನಲ್ಲಿ ದೋಸೆಕಾವಲಿ ಸರಿಯಾಗಿ ಕಾಯದಿದ್ದರೆ ಏನಾಗುತ್ತದೆ, ಯಾಕೆ ಎಂದು ಬರೆಯಲು ಹೇಳಿದ್ದೆ. ಮುಕ್ಕಾಲು ಪುಟ ಬರೆದ. ಮೊದಲ ದೋಸೆ ಯಾಕೆ ಅಂಟುತ್ತದೆಂದು ಬರೆದದ್ದು ನನಗೂ ಗೊತ್ತಿರಲಿಲ್ಲ. ಇಂಗ್ಲಿಷಿನಲ್ಲಿ ಏಳು ತಪ್ಪುಗಳಿದ್ದವು, ಗುರುತು ಹಾಕಿಕೊಟ್ಟೆ. ಫಾರ್ಮ್ಯಾಟ್ ಕೇಳುವುದನ್ನು ಬಿಟ್ಟಿದ್ದಾನೆ. ಎಷ್ಟು ಸಾಲು ಎಂದು ಮಾತ್ರ ಇನ್ನೂ ಕೇಳುತ್ತಾನೆ.